ಅತ್ತೆ ಸೇದಿ ನೋಡಿದ ಮಡೂರೊ

ನಮ್ಮ ಸೋದರತ್ತೆಗೆ ಸಿಗಾರ್ ಕಾರ್ಖಾನೆಯಲ್ಲಿ ಸೇದಿ ನೋಡುವ ಕೆಲಸ. ಬೆನ್ನು ಬಗ್ಗಿಸಿ ಸುತ್ತುವವರು ನಾವು, ಹೆಸರೆಲ್ಲ ಅವಳದು! ಅವಳು ತಲೆಯಾಡಿಸದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವಂತಿರಲಿಲ್ಲ. ಅಂಥವಳು ಹೋದ ವರ್ಷ ಜ್ವರ ಬಂದು ಆಸ್ಪತ್ರೆ ಸೇರಿದಳು. ಜೀವ ಉಳಿಯಿತು, ನಾಲಿಗೆಯ ರುಚಿ ಹೋಯಿತು. ಉಪ್ಪು, ಸಕ್ಕರೆ ಎರಡೂ ಒಂದೇ ಎಂದು ಮಂಕಾಗಿ ಕೂತವಳನ್ನು ನೋಡಿದರೆ ನನ್ನ ಕರುಳು ಚುರುಕ್ಕೆನ್ನುತ್ತಿತ್ತು.

ಈಚೆಗೆ, "ಸ್ವಲ್ಪ ಸ್ವಲ್ಪ ತಿಳೀತಿದೆ" ಎನ್ನತೊಡಗಿದಳು. ನಿಜವೋ, ನಮ್ಮ ಸಮಾಧಾನಕ್ಕೋ, ಯಾರಿಗೆ ಗೊತ್ತು? ಅದೇ ಹೊತ್ತಿಗೆ, ಹೊಸದೊಂದನ್ನು ಸೇದಿ ನೋಡಬೇಕೆಂದು ಮ್ಯಾನೇಜರು ಹೇಳಿಕಳಿಸಿದರು. ಒಂದೇ ಸಲ ತಯಾರಾಗಿ ಕೆಲವೇ ಅಂಗಡಿಗಳಿಗೆ ಹೋಗುವ ಮಡೂರೊ ಸಿಗಾರ್. ಮಾದರಿಗೆ ನಾಲ್ಕಾರು ಸುತ್ತಿಟ್ಟಿದ್ದೆವು. ಮಡೂರೊ ಎಂದರೆ ಹೊಗೆಸೊಪ್ಪನ್ನು ರಾಶಿ ಹಾಕಿ, ಆಗಾಗ ಮಗುಚುತ್ತ, ಅದರದೇ ಕಾವಿನಲ್ಲಿ ಕಪ್ಪಗಾಗುವ ತನಕ ಹದ ಮಾಡಬೇಕು. ಹೋದ ವರ್ಷ ಆ ಹದ ಮಾಡಿದವರು ಅತ್ತೆಯ ಗಂಡ, ನಮ್ಮ ಮಾವ. ನಿವೃತ್ತಿಗೆ ಮುಂಚಿನ ಕೊನೆಯ ರಾಶಿ ಅದು. ಊರೆಲ್ಲ ಹೇಳಿಕೊಂಡು ಬರಬೇಕಾದ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದರು.

ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಅತ್ತೆ ಕೂತಳು. ಮ್ಯಾನೇಜರು, ಮಾವ, ನಾನು ಗೋಡೆಗೆ ಒರಗಿ ನಿಂತೆವು. ಅವಳು ಸಿಗಾರ್ ಕೆಳಗಿಡುವ ತನಕ ಬೇರೆಯವರು ಮಾತಾಡಬಾರದು, ಕೆಮ್ಮಲೂಬಾರದು. ತುದಿ ಕತ್ತರಿಸಿ, ಮೂಸಿ, ನಿಧಾನವಾಗಿ ತಿರುಗಿಸುತ್ತ ಹೊತ್ತಿಸಿದಳು. ಹೊಗೆಯನ್ನು ಬಾಯಲ್ಲಷ್ಟೇ ಹಿಡಿದು, ಕಣ್ಣು ಮುಚ್ಚಿ ಬಿಟ್ಟಳು. ಅದು ಕಿಟಕಿಯ ಬಿಸಿಲಿನಲ್ಲಿ ಎದ್ದು, ಹೊರಳಿ, ಮತ್ತೆ ಮಲಗಿತು. ಗೋಡೆ ದೂರ ಸರಿದಂತಾಯಿತು. ನಾನು ಎಲ್ಲಿದ್ದೇನೆ ಎಂಬುದೇ ಮರೆತು, ಚಿಕ್ಕವಳಿದ್ದಾಗ ಅವಳ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದ ಆ ಸುಖದೊಳಗೆ ತೇಲಿದೆ.

"ಹುರಿದ ಕಾಫಿ ಬೀಜ," ಎಂದಳು ಅತ್ತೆ. ಮತ್ತೆರಡು ಸಲ ಎಳೆದ ಮೇಲೆ, "ಒಣದ್ರಾಕ್ಷಿ."

ಮ್ಯಾನೇಜರ ಮುಖ ಅರಳಿತು. ನನಗೆ ಮಾತ್ರ ಅನುಮಾನ ಬಂತು. ಯಾವ ಮಡೂರೊ ಕೊಟ್ಟರೂ ಅವಳು ಹೇಳುತ್ತಿದ್ದದ್ದು ಇದನ್ನೇ. ನಾಲಿಗೆ ಹೇಳಿತೋ, ನೆನಪು ಹೇಳಿತೋ?

ಸಿಗಾರ್ ಅರ್ಧ ದಾಟಿತು. ಅತ್ತೆ ಹುಬ್ಬು ಗಂಟಿಕ್ಕಿ, ಇನ್ನೊಂದು ಸಲ ಎಳೆದು, ಕೆಳಗಿಟ್ಟಳು.

"ಇದು ಆಗಲ್ಲ. ಕೊನೆಕೊನೆಗೆ ಸುಟ್ಟ ಕಹಿ ಬರುತ್ತೆ. ರಾಶಿ ಒಳಗೊಳಗೇ ಬೆಂದುಹೋಗಿದೆ. ಹೊತ್ತಿಗೆ ಸರಿಯಾಗಿ ಮಗುಚಿಲ್ಲ."

"ಇನ್ನೊಂದು ಸಲ ಸೇದಿ ನೋಡಿ ಮೇಡಂ," ಎಂದರು ಮ್ಯಾನೇಜರು.

"ಇನ್ನೊಂದು ಸಲ ಸೇದಿದ್ರೆ ಸಿಹಿ ಆಗುತ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಿಕೊಂಡ ಗಂಡನ ಕೊನೆಯ ರಾಶಿ; ಒಂದು ಮಾತು ಮೆತ್ತಗೆ ಹೇಳಬಾರದಿತ್ತೇ! ಮಾವನ ಮುಖ ನೋಡಲಾರದೆ ನೋಡಿದೆ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು.

"ಹೌದು, ಮಗುಚಿರಲಿಲ್ಲ," ಎಂದರು. "ಇವಳು ಜ್ವರದಲ್ಲಿ ಮೈಮೇಲೆ ಎಚ್ಚರ ಇಲ್ಲದೆ ಮಲಗಿದ್ಲು. ರಾಶಿ ಬಿಟ್ಟು ಆಸ್ಪತ್ರೇಲಿ ಕೂತಿದ್ದೆ."

ಅತ್ತೆ ಅವರತ್ತ ತಿರುಗಿದಳು. "ಗೊತ್ತಿದ್ದೂ ನನ್ನ ಕೈಗೆ ಕೊಟ್ರಾ?"

"ನೀನಾಗೇ ಕಂಡುಹಿಡೀಬೇಕಿತ್ತು," ಎಂದರು ಮಾವ. "ಎಲ್ಲಿ ಚೆನ್ನಾಗಿದೆ ಅಂದುಬಿಡ್ತೀಯೋ ಅಂತ ಹೆದರಿಕೊಂಡಿದ್ದೆ ಕಣೇ."