ಕಳೆ ತೆಗೆಯುವ ಆಂಟಿ

ಕಾಲಿಂಗ್ ಕಾರ್ಡ್ ಉಜ್ಜಿ ಊರಿಗೆ ಫೋನ್ ಮಾಡುತ್ತಿದ್ದ ಕಾಲ. ಸ್ವೀಡನ್ನಿನ ಉಪ್ಸಾಲಾ ಊರಂಚಿನಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಪುಟ್ಟ ತೋಟದ ಪಕ್ಕದಲ್ಲೇ ಬೆಂಗಳೂರಿನ ಆಂಟಿಯೊಬ್ಬರ ತೋಟವಿತ್ತು. ಏಪ್ರಿಲ್‌ನಲ್ಲಿ ಹಿಮ ಕರಗಿದ್ದೇ ತಡ, ಶೀಶ್ಕೋಲ್ ಎಂಬ ಹಠಮಾರಿ ಕಳೆ ಎಲ್ಲರ ಮಡಿಗಳಲ್ಲೂ ಏಳುತ್ತಿತ್ತು. ಆಂಟಿ ಚೂಡಿದಾರದ ಮೇಲೆ ಗಂಡನ ಚಳಿ ಜಾಕೆಟ್ ಏರಿಸಿ, ಬುಟ್ಟಿ ಹಿಡಿದು ಎಲ್ಲರ ತೋಟಕ್ಕೂ ಕಳೆ ತೆಗೆಯಲು ಬರುತ್ತಿದ್ದರು.

“ನಿಮಗ್ಯಾಕ್ರೀ ಕಷ್ಟ, ನಾನಿದೀನಲ್ಲ!”

ಅಕ್ಕಪಕ್ಕದ ತೋಟಗಳ ಸ್ವೀಡಿಷ್ ಅಜ್ಜಿಯರಿಗೆ ಈ ಕನ್ನಡ ತಿಳಿಯದಿದ್ದರೂ ಬಗ್ಗಿದ ಬೆನ್ನು ತಿಳಿಯುತ್ತಿತ್ತು. ಫೀಕಾ ಎಂಬ ಅಲ್ಲಿನ ಕಾಫಿ ಕೂಟಕ್ಕೆ ಕರೆದು ಬನ್ನು ಕೊಟ್ಟು ಕೊಂಡಾಡುತ್ತಿದ್ದರು. ನಾನಂತೂ ಭಾನುವಾರವಾದರೆ ಆಂಟಿಯ ಮನೆಯಲ್ಲಿ ಮಸ್ಸೊಪ್ಪು ಸಾರು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೆ. ಆದರೆ ಕಳೆ ಮಾತ್ರ ವಾರದೊಳಗೆ ಮತ್ತೆ ಚಿಗುರುತ್ತಿತ್ತು.

ಕಡೆಗೆ ತೋಟ ಬಾಡಿಗೆಗೆ ಕೊಟ್ಟಿದ್ದ ಸಂಘದವರು, ಕಳೆ ಹೋಗದಿದ್ದರೆ ತೋಟ ವಾಪಸ್ ಪಡೆಯುತ್ತೇವೆಂದು ನನ್ನನ್ನು ಎಚ್ಚರಿಸಿದರು. ಗಾಬರಿಯಾಗಿ ಅವತ್ತು ನಾನೂ ಆಂಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅವರು ಎಳೆ ಕುಡಿಗಳನ್ನಷ್ಟೇ ಚಾಕುವಿನಲ್ಲಿ ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು.

“ಆಂಟಿ, ಬೇರು ಬಿಟ್ರಲ್ಲ?”

“ಸುಮ್ನಿರೋ! ಬೇರು ಕಿತ್ತಾಕಿದ್ರೆ ಮುಂದಿನ ವಾರ ಮಸ್ಸೊಪ್ಪಿಗೆ ಏನ್ ಹಾಕ್ಲಿ?”

“ಅಲ್ಲಾ ಆಂಟಿ, ನನ್ ತೋಟನೇ ಹೋಗುತ್ತಲ್ಲ!”

ಆಂಟಿ ನನ್ನ ಮಡಿಗಳ ಮೇಲೆ ಪ್ರೀತಿಯಿಂದ ಕಣ್ಣಾಡಿಸಿದರು.

“ಹೋದ್ರೆ ನಾನೇ ತಗೋತೀನಿ ಬಿಡು. ನಿನಗ್ಯಾಕೋ ಕಷ್ಟ, ನಾನಿದೀನಲ್ಲ!”