ತಳವಾರ ಸೂರಪ್ಪನ ಹೆಂಡತಿ
ಬೆಳುಗುಪ್ಪದ ಕಡೆಯ ಆ ಊರಿಗೆ ಸರ್ಕಾರ ನೇಮಿಸಿದ್ದು ಒಬ್ಬ ತಳವಾರನನ್ನು, ದುಡಿಸಿಕೊಂಡದ್ದು ಇಬ್ಬರನ್ನು. ಹಿತ್ತಾಳೆ ಬಿಲ್ಲೆ ಕಟ್ಟಿಕೊಂಡ ಸೂರಪ್ಪ ಸುದ್ದಿ ಹೊತ್ತು ರಾಯದುರ್ಗದ ಠಾಣೆಗೆ ನಡೆದನೆಂದರೆ, ಊರು ಕಾಯುವವಳು ಅವನ ಹೆಂಡತಿ ಜುಂಜಮ್ಮ. ಅವಳು ಕೆಮ್ಮಿದರೆ ಕುರಿಕಳ್ಳ ತಾನಾಗಿಯೇ ಕುರಿ ತಂದು ಕಟ್ಟುತ್ತಿದ್ದ. ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿ ನಡೆದವನ ಅತ್ತೆಯ ಊರನ್ನೂ ಹೇಳುತ್ತಿದ್ದಳು. ಠಾಣೆಯಿಂದ ಮಾತ್ರ ಯಾವಾಗಲೂ ಒಂದೇ ಉತ್ತರ: ಮಂದಿ ಇಲ್ಲ, ಇದ್ದವರು ಬಿಳಿ ದೊರೆಯ ಕ್ಯಾಂಪಿಗೆ ಹೋಗಿದ್ದಾರೆ. "ದೊರಿ ಡೇರೆ ಕಾಯಾಕ ಹತ್ತು ಮಂದಿ, ಹತ್ತು ಊರು ಕಾಯಾಕ ಒಬ್ಬನೂ ಇಲ್ಲೇನ್ರಿ?" ಎಂದು ಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದಳು. ಒಂದು ಬೇಸಿಗೆಯಲ್ಲಿ ಹೊಸ ಸೊಸೆಯೊಬ್ಬಳ ಹೆಣ ಬಾವಿಯಲ್ಲಿ ತೇಲಿತು. ಸೂರಪ್ಪ ಅಂದೇ ಸುದ್ದಿ ಒಯ್ದರೂ ಠಾಣೆಯವರು ಬಂದದ್ದು ಮೂರನೆಯ ದಿನ. ಅಲ್ಲಿಯವರೆಗೆ, ಮೇಲೆತ್ತಿಸಿದ ಹೆಣಕ್ಕೆ ಬೇವಿನ ಸೊಪ್ಪು ಹೊದಿಸಿ, ನಾಯಿ ಕಾಗೆ ಅಟ್ಟುತ್ತ ಕೂತವಳು ಜುಂಜಮ್ಮ. ಜಮಾದಾರ ದೂರದಲ್ಲೇ ಮೂಗು ಮುಚ್ಚಿಕೊಂಡು ನಿಂತು, 'ಕಾಲು ಜಾರಿ ಬಿದ್ದು ಸಾವು, ಹೆಣ ಕಾದವನು ತಳವಾರ ಸೂರಪ್ಪ' ಎಂದು ಪಂಚನಾಮೆ ಬರೆದು ಓದಿದ. ಜುಂಜಮ್ಮ ಎದ್ದು ನಿಂತಳು. "ಅವ ನಿಮ್ಮ ಬಾಗಿಲಾಗ ನಿಂತಿದ್ದ. ಕಾದಾಕಿ ನಾನು. ತಲಿ ಒರಸಿ ಹೆರಳು ಹಾಕಿದಾಕೀನೂ ನಾನು. ಹಿಂದ ಬುರುಡಿ ಒಡದೈತಿ, ಕೊಡಲಿ ಕಾವಿನ ಏಟದು." ಸತ್ತವಳ ಗಂಡನ ಮನೆಯವರು ತಲೆ ತಗ್ಗಿಸಿದರು. ಜಮಾದಾರ ಬರೆದ ಸಾಲನ್ನು ಹೊಡೆದುಹಾಕಿ, ಅವಳು ಊರು ಕಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಏನವ್ವ ನಿನ್ನ ಹೆಸರು?" ಎಂದು ಕೇಳಿದ. "ನನ್ನ ಹೆಸರು ಆಮ್ಯಾಲ," ಎಂದಳು ಅವಳು, "ಮೊದಲು ಏಟು ಬರೀರಿ."