ಅಕ್ಕನ ಜಗಲಿಯ ಯುದ್ಧ

ಚೌತಿಗೆಂದು ಮನೆ ಗುಡಿಸಿ ಒರೆಸುವಾಗ ಸೊಸೆ ಜಗಲಿಯ ಗೋಡೆಯಿಂದ ಹಳೆಯ ಪಟವನ್ನು ಇಳಿಸಿದಳು. ಹಿಂದಿನ ಹಲಗೆಯಿಂದ ಕರ್ಪೂರ, ಧೂಳು, ಗೆದ್ದಲು ತಿಂದ ಮರ ಎಲ್ಲ ಕಲಸಿದ ಒಂದು ವಾಸನೆ ಎದ್ದು ಬಂತು. ಸೊಸೆ ಸೀನಿದಳು. ನನಗೆ ಮಾತ್ರ ನಗು ಬಂತು. ಆಚೆಮನೆ ಅಕ್ಕ ನೆನಪಾಗಿದ್ದರು.

ನಾನು ಮದುವೆಯಾಗಿ ಕುಂದಾಪುರಕ್ಕೆ ಬಂದದ್ದು ದೊಡ್ಡ ಯುದ್ಧದ ಕಾಲದಲ್ಲಿ. ಸೀಮೆಎಣ್ಣೆಗೂ ಸಕ್ಕರೆಗೂ ಸಾಲು ನಿಲ್ಲುತ್ತಿದ್ದ ದಿನಗಳು. ಅಕ್ಕನ ಮನೆ ನಮ್ಮ ಬಾವಿಯ ಆಚೆಗೇ. ಅವರ ಬಾವಿಯ ನೀರು ಉಪ್ಪು, ಹಾಗಾಗಿ ಕುಡಿಯುವ ನೀರಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಬೆಣ್ಣೆಯಂಥ ಮನಸ್ಸು, ಬಾಯಿ ಮಾತ್ರ ದೊಡ್ಡದು. ಗಂಡನನ್ನು ಬೈಯಲು ನಿಂತರೆ ಹೊಳೆಯಾಚೆಯ ಗಂಗೊಳ್ಳಿಗೂ ಕೇಳುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಗಂಡನನ್ನು ನಾನು ಭಾವ ಎಂದು ಕರೆಯುತ್ತಿದ್ದೆ. ಹಂಚಿನ ಕಾರ್ಖಾನೆಯ ಕೆಲಸ. ಬೈಗುಳ ಕೇಳುತ್ತಲೇ ಗಂಜಿ ಉಂಡು, ಕೊಡೆ ಹಿಡಿದು ಹೊರಟುಬಿಡುವ ಮನುಷ್ಯ.

ಅಕ್ಕನಿಗೆ ತವರೆಂದು ಉಳಿದದ್ದು ಒಬ್ಬನೇ ತಮ್ಮ. ಬೊಂಬಾಯಿಯ ಹೋಟೆಲಿನಲ್ಲಿದ್ದ. ಊರಿಗೆ ಬಾರದೆ ವರ್ಷಗಳೇ ಆಗಿದ್ದವು. ಒಮ್ಮೆ ಊರಿಗೆ ಬರುವವರ ಕೈಯಲ್ಲಿ ಅವನು ಅಕ್ಕನಿಗೆಂದು ಒಂದು ಪಟ ಕಳಿಸಿದ. ದೇವರ ಪಟವಿರಬೇಕೆಂದು ಅಕ್ಕ ಮಿಂದು, ಅರಸಿನ ಕುಂಕುಮ ಹಿಡಿದುಕೊಂಡೇ ಕಟ್ಟು ಬಿಚ್ಚಿದರು. ನೋಡಿದರೆ ಯುದ್ಧ.

ಕೋಟೆಯ ಮುಂದೆ ಇಬ್ಬರು ರಾಜರು ಕುದುರೆ ಮೇಲೆ ಕೂತು ಕತ್ತಿ ಎತ್ತಿದ್ದರು. ಒಬ್ಬನಿಗೆ ಕೆಂಪು ಮುಂಡಾಸು, ಇನ್ನೊಬ್ಬನಿಗೆ ಹಸಿರು. ಹಿಂದೆ ಆನೆ, ಈಟಿ, ಹೊಗೆ. ಅಷ್ಟು ದೊಡ್ಡ ಯುದ್ಧದಲ್ಲಿ ಒಂದು ಹನಿ ರಕ್ತವಿಲ್ಲ, ಯಾರ ಮುಂಡಾಸೂ ಸಡಿಲವಾಗಿರಲಿಲ್ಲ. ಯಾವ ರಾಜರು, ಎಲ್ಲಿಯ ಯುದ್ಧ, ಯಾರಿಗೂ ಗೊತ್ತಾಗಲಿಲ್ಲ. ಕೆಳಗೆ ಅಚ್ಚಾಗಿದ್ದ ಹೆಸರು ಚೌಕಟ್ಟಿನ ಒಳಗೆ ಹೋಗಿಬಿಟ್ಟಿತ್ತು. ಹಸಿರು ಮುಂಡಾಸಿನವನ ಮೀಸೆ ಮಾತ್ರ ಥೇಟ್ ಭಾವನದ್ದೇ. ಅದನ್ನು ನಮ್ಮ ಅತ್ತೆ ಎಲ್ಲರೆದುರು ಹೇಳಿಯೂ ಬಿಟ್ಟರು.

ಯುದ್ಧದ ಪಟ ಮನೆಯಲ್ಲಿಟ್ಟರೆ ಮನೆಯಲ್ಲಿ ಜಗಳ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಭಾವ ಅದನ್ನೇ ಹಿಡಿದುಕೊಂಡರು. "ಲೋಕದಗೆ ಆಪು ಯುದ್ಧ ಸಾಲ್ದಾ? ಮನಿ ಒಳ್ಗೂ ಬೇಕಾ?" ಎಂದರು. ಅಕ್ಕ ಪಟವನ್ನು ಎದೆಗೆ ಅಪ್ಪಿಕೊಂಡು ಅಳುವುದಕ್ಕೇ ಶುರು ಮಾಡಿದರು. ತಮ್ಮನನ್ನಂತೂ ನೋಡುವ ಹಾಗಿಲ್ಲ, ಅವನು ಕೊಟ್ಟದ್ದನ್ನಾದರೂ ನೋಡಬಾರದೇ ಎಂದು. ಭಾವ ಸ್ವಲ್ಪ ಮೆತ್ತಗಾದರು. "ಆಯ್ತ್, ಇರ್ಲಿ. ಆದ್ರೆ ಮನ್ಯಗೆ ಒಂದ್ ಜಗಳ ಆಯ್ತೋ, ಪಟ ಹೊಳಿಗೆ."

ಆ ಬಾಯಿಗೆ ಇಂಥ ಶರತ್ತು. ಎರಡು ದಿನವೂ ನಡೆಯದೆಂದು ನಾವೆಲ್ಲ ಅಂದುಕೊಂಡೆವು. ಅಕ್ಕ ತುಟಿ ಬಿಚ್ಚಲಿಲ್ಲ. ಭಾವ ಕೆಸರುಗಾಲಲ್ಲಿ ಸಾರಿಸಿದ ನೆಲ ತುಳಿದರು, ಮಾತಿಲ್ಲ. ಮೀನು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದರು, ಮಾತಿಲ್ಲ. ಆದರೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ... ಬೆಳಿಗ್ಗೆ ಭಾವನ ಕೊಡೆ ಓಣಿ ದಾಟಿದ್ದೇ ತಡ, ಅಕ್ಕ ಕೊಡಪಾನ ಹಿಡಿದು ನಮ್ಮ ಬಾವಿಕಟ್ಟೆಗೆ ಬರುತ್ತಿದ್ದರು. ಕೊಡಪಾನವನ್ನೇ ಎದುರಿಗೆ ಕೂರಿಸಿಕೊಂಡು, "ಉಪ್ಪ್ ಕಮ್ಮಿ ಅಂಬ್ರ್. ನಿಮ್ಮ್ ನಾಲ್ಗಿಗೆ ಉಪ್ಪಿನ್ ಮೂಟಿಯೇ ಸುರಿಕಾ?" ಎಂದು ಶುರು ಮಾಡಿ, ಬಾವಿಗೆ ಬಗ್ಗಿ ಉಳಿದದ್ದನ್ನೆಲ್ಲ ಹೇಳಿ, ಹಗುರವಾಗಿ ನೀರು ಹೊತ್ತುಕೊಂಡು ಹೋಗುತ್ತಿದ್ದರು. ಅತ್ತೆ ಕಿಟಕಿಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ಕೂತಿರುತ್ತಿದ್ದರು. ನಾನು ಹಗ್ಗ ಹಿಡಿದುಕೊಂಡೇ ನಕ್ಕು ನಕ್ಕು ಸುಸ್ತಾಗುತ್ತಿದ್ದೆ.

ಹೀಗೆ ಒಂದು ಮಳೆಗಾಲವೇ ಕಳೆಯಿತು. ಒಂದು ಮಧ್ಯಾಹ್ನ ನಾನು ಕಡೆಯುವ ಕಲ್ಲಿನ ಮುಂದೆ ಕೂತಿದ್ದಾಗ ಭಾವ ಬಂದರು. ಮುಖ ಇಳಿದಿತ್ತು. ಕುಂಭಾಶಿಗೆ ಹೋಗಿ ಗಣಪತಿಗೆ ಕಾಯಿ ಒಡೆಸಿ ಬಂದಿದ್ದರಂತೆ.

"ತಂಗೀ, ನಿಮ್ಮ್ ಅಕ್ಕಂಗೆ ಎಂತೋ ಆಯಿತ್. ಮಾತೇ ಇಲ್ಲೆ. ಎಷ್ಟ್ ತಪ್ಪ್ ಮಾಡಿರೂ ಬೈತಿಲ್ಲೆ. ಉಂಡದ್ ಮೈಗೇ ಹಿಡಿತಿಲ್ಲೆ ನಂಗೆ."

ನನಗೆ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಭಾವ ಮೆಟ್ಟಿಲ ಮೇಲೆ ಕೂತರು. ಮೊದಲು ಸಮಾಧಾನ, ಆಮೇಲೆ ನಿಜವಾದ ಸಿಟ್ಟು.

"ನಂಗ್ ಬೈಯುದನ್ನ ನಿಮ್ಮ್ ಬಾವಿಗೆ ಎಂತಕೆ ಬೈತ್ಳ್?"

ಎದ್ದು ಸೀದಾ ಮನೆಗೆ ನಡೆದರು. ಜಗಲಿಯಲ್ಲೇ ನಿಂತು, "ಪಟ ಅಲ್ಲೇ ಇರ್ಲಿ. ಹೊಳಿಗೂ ಇಲ್ಲೆ, ಗಿಳಿಗೂ ಇಲ್ಲೆ. ನೀ ಬೈಯ್," ಎಂದದ್ದು ನಮಗೂ ಕೇಳಿತು. ಆಮೇಲೆ ಕೆಸರುಗಾಲಿನಿಂದ ಶುರುವಾಯಿತು ನೋಡಿ... ಇಡೀ ಮಳೆಗಾಲದ ಬಾಕಿ. ಅತ್ತೆ ಅಡಿಕೆ ಕತ್ತರಿಸುತ್ತಿದ್ದವರು, "ಇನ್ನ್ ಅವ್ರಿಗೆ ಉಂಡದ್ ಮೈಗೆ ಹಿಡಿತ್ತ್," ಎಂದರು.

ತಮ್ಮನೂ ಮುಂದೆ ಊರಿಗೆ ಬಂದ. ಆ ರಾಜರು ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಕುದುರೆ ಚೆಂದ ಕಂಡಿತು, ತೆಗೆದುಕೊಂಡೆ ಎಂದ. ಅಕ್ಕ ಅವನಿಗೂ ಬೈದರು.

ಅಕ್ಕ ಹೋಗಿ ಈಗ ಬಹಳ ವರ್ಷಗಳಾದವು. ಅವರ ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಭಾವ ಒಂದು ದಿನ ಆ ಪಟವನ್ನು ಅಕ್ಕನ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಇದ್ ನೀವ್ ಇಟ್ಕಣಿ ತಂಗೀ. ಜಗಳಕ್ಕೆ ಇಬ್ರ್ ಬೇಕಲೆ," ಎಂದರು.

ಆ ಪಟವೇ ಇದು. ಯುದ್ಧದ ಪಟ ಮತ್ತೆ ಗೋಡೆಗೆ ಬೇಡ ಎಂದು ಸೊಸೆ ಹಟ ಹಿಡಿದಳು, ಬೇಕೇ ಬೇಕು ಎಂದು ನಾನು. ಇಬ್ಬರ ದನಿಯೂ ಏರಿತು. ಕಡೆಗೆ ಅವಳೇ ಗೊಣಗುತ್ತ ಗಾಜು ಒರೆಸಿ ಮೊಳೆಗೆ ಹಾಕಿದಳು. ಈ ವಯಸ್ಸಿನಲ್ಲೂ ನನ್ನ ಜೊತೆ ಜಗಳಕ್ಕೆ ಒಬ್ಬಳಿದ್ದಾಳೆ ಎಂದು ಒಳಗೊಳಗೇ ಖುಷಿಯಾಯಿತು. ಇದನ್ನು ಹೇಳಿ ನಗೋಣವೆಂದು ಬಾವಿಕಟ್ಟೆಯ ತನಕ ಹೋಗಿಯೂಬಿಟ್ಟೆ... ಆಮೇಲೆ ನೆನಪಾಯಿತು, ಅಕ್ಕ ಇಲ್ಲ.